ಪ್ರತಿನಿಧಿಯ ಅಧಿಕಾರವೂ ಅದರ ಎಲ್ಲೆಯೂ: ಜಾವಾಸ್ಕ್ರಿಪ್ಟ್ ಪ್ರಾಕ್ಸಿಯ ಒಂದು ಸಮೀಕ್ಷೆ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯುವವನು, ತಾನು ಕಟ್ಟಿದ ವಸ್ತುವಿನ ಒಂದು ಗುಣವನ್ನು ಹೆಸರು ಹಿಡಿದು ಕೇಳಿದಾಗ ಆ ವಸ್ತು ತನ್ನಲ್ಲಿರುವುದನ್ನು ಇದ್ದಂತೆಯೇ ಒಪ್ಪಿಸುವುದೆಂಬ ನಂಬಿಕೆಯ ಮೇಲೆಯೇ ತನ್ನ ಸಮಸ್ತ ವ್ಯವಹಾರವನ್ನು ನಡೆಸುತ್ತಾನೆ. ಬಿಂದುವನ್ನಿಟ್ಟು ಹೆಸರನ್ನು ಬರೆದರೆ ಬೆಲೆ ಬರಬೇಕು, ಸಮಚಿಹ್ನೆಯನ್ನಿಟ್ಟು ಬೆಲೆಯನ್ನು ಕೊಟ್ಟರೆ ಅದು ಅಲ್ಲಿಯೇ ನಿಲ್ಲಬೇಕು, ಅಳಿಸೆಂದರೆ ಅಳಿಯಬೇಕು. ಕೇಳುವವನಿಗೂ ವಸ್ತುವಿಗೂ ನಡುವೆ ಮೂರನೆಯದೊಂದು ಬಂದು ನಿಂತು, ಪ್ರಶ್ನೆಯನ್ನು ತಡೆದು, ಉತ್ತರವನ್ನು ತನಗೆ ತೋರಿದಂತೆ ಮಾರ್ಪಡಿಸಿ ಕೊಡಬಹುದೇ, ಕೊಡಬಹುದಾದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆಯು ಜಾವಾಸ್ಕ್ರಿಪ್ಟ್ ಭಾಷೆಯ ಚರಿತ್ರೆಯಲ್ಲಿ ಇಪ್ಪತ್ತು ವರ್ಷಗಳ ಕಾಲ ನಾನಾ ರೂಪಗಳಲ್ಲಿ ಚರ್ಚಿತವಾಗಿ, 2015ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಆ ಭಾಷೆಯ ಆರನೆಯ ನಿರ್ಣೀತ ಆವೃತ್ತಿಯಲ್ಲಿ ಪ್ರಾಕ್ಸಿ ಎಂಬ ಹೆಸರಿನಿಂದ ಒಂದು ನೆಲೆಯನ್ನು ಕಂಡಿತು. ಆ ನೆಲೆಯು ಎಂಥದು, ಅಲ್ಲಿಗೆ ಬಂದ ದಾರಿ ಯಾವುದು, ಕನ್ನಡದಲ್ಲಿ ಮಾಹಿತಿಯನ್ನು ಇಟ್ಟುಕೊಳ್ಳುವ ನಮಗೆ ಅದರಿಂದ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

1995ರ ಮೇ ತಿಂಗಳಿನಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಹತ್ತು ದಿನಗಳ ಅವಧಿಯಲ್ಲಿ ಈ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದಾಗ, ಹೊರಗಿನ ವೇಷವನ್ನು ಜಾವಾದಿಂದಲೂ ಫಂಕ್ಷನ್ನುಗಳ ಕಲ್ಪನೆಯನ್ನು ಸ್ಕೀಮ್ ಭಾಷೆಯಿಂದಲೂ ತೆಗೆದುಕೊಂಡರಾದರೂ, ವಸ್ತುಗಳ ಅಂತರಂಗವನ್ನು ಡೇವಿಡ್ ಅಂಗರ್ ಮತ್ತು ರಾಂಡಲ್ ಸ್ಮಿತ್ ಎಂಬವರು ರೂಪಿಸಿದ್ದ ಸೆಲ್ಫ್ ಎಂಬ ಭಾಷೆಯಿಂದ ಸ್ವೀಕರಿಸಿದರು. ಸೆಲ್ಫ್ ಭಾಷೆಯಲ್ಲಿ ವರ್ಗವೆಂಬುದಿಲ್ಲ. ಒಂದು ವಸ್ತುವಿನಲ್ಲಿ ಇಲ್ಲದ ಗುಣವನ್ನು ಅದರ ಮೂಲಮಾದರಿಯಾದ ಇನ್ನೊಂದು ವಸ್ತುವಿನಲ್ಲಿಯೂ, ಅಲ್ಲಿಯೂ ಇಲ್ಲದಿದ್ದರೆ ಅದರ ಮಾದರಿಯಲ್ಲಿಯೂ ಹುಡುಕುತ್ತ ಹೋಗುವ ಪರಂಪರೆಯೊಂದೇ ಅಲ್ಲಿರುವುದು. ಹೀಗೆ ಕೇಳಿದ ಪ್ರಶ್ನೆ ಒಂದರಿಂದ ಇನ್ನೊಂದಕ್ಕೆ ಸಾಗುವ ಗುಣವು ಜಾವಾಸ್ಕ್ರಿಪ್ಟಿಗೆ ಹುಟ್ಟಿನಿಂದಲೇ ಬಂದಿತ್ತು. ಸಂಖ್ಯೆಯಾಗಿ ಬೇಕಾದಾಗ ವಾಲ್ಯೂಆಫ್, ಅಕ್ಷರಮಾಲೆಯಾಗಿ ಬೇಕಾದಾಗ ಟುಸ್ಟ್ರಿಂಗ್ ಎಂಬ ಎರಡು ಕ್ರಿಯೆಗಳನ್ನು ವಸ್ತುವಿನ ಕರ್ತೃ ತನ್ನ ಇಚ್ಛೆಯಂತೆ ಬರೆದುಕೊಳ್ಳಬಹುದಾಗಿದ್ದುದೂ ಆರಂಭದ ವರ್ಷಗಳಿಂದಲೇ.

ಇತರ ಭಾಷೆಗಳು ಇದಕ್ಕಿಂತ ಮುಂದೆ ಹೋಗಿದ್ದವು. ತಾನರಿಯದ ಆಜ್ಞೆ ಬಂದಾಗ ಡಸ್‌ನಾಟ್‌ಅಂಡರ್‌ಸ್ಟ್ಯಾಂಡ್ ಎಂಬ ಕ್ರಿಯೆಯನ್ನು ನಡೆಸುವ ಅವಕಾಶವನ್ನು ಸ್ಮಾಲ್‌ಟಾಕ್ ಕೊಟ್ಟಿತ್ತು. ಲಿಸ್ಪ್ ಪರಂಪರೆಯಲ್ಲಿ ಗ್ರೆಗರ್ ಕಿಜಾಲೆಸ್, ಜಿಮ್ ಡೆ ರಿವಿಯೆರ್, ಡೇನಿಯಲ್ ಬಾಬ್ರೋ ಎಂಬ ಮೂವರು 1991ರಲ್ಲಿ ಪ್ರಕಟಿಸಿದ ಗ್ರಂಥವು, ವಸ್ತುವ್ಯವಸ್ಥೆಯೇ ತನ್ನ ನಿಯಮಗಳನ್ನು ಬಳಕೆದಾರನ ತಿದ್ದುಪಡಿಗೆ ತೆರೆದಿಡಬೇಕೆಂಬ ತತ್ತ್ವವನ್ನು ಸಾಂಗೋಪಾಂಗವಾಗಿ ಪ್ರತಿಪಾದಿಸಿತು. ರೂಬಿ, ಪೈಥಾನ್ ಮೊದಲಾದುವುಗಳಲ್ಲಿ ಇದೇ ವಿಚಾರ ಚಿಕ್ಕ ಚಿಕ್ಕ ರೂಪಗಳಲ್ಲಿ ಇಳಿದುಬಂದಿದೆ.

ಜಾವಾಸ್ಕ್ರಿಪ್ಟಿನಲ್ಲಿ ಮಾತ್ರ ಈ ಬಗೆಯ ಸೌಕರ್ಯಗಳು ಬಹುಕಾಲ ಒಂದೊಂದು ಬ್ರೌಸರಿನ ಖಾಸಗಿ ಸೊತ್ತಾಗಿಯೇ ಉಳಿದಿದ್ದವು. ಮೊಜಿಲ್ಲಾದವರು ತಮ್ಮ ಎಂಜಿನ್ನಿನಲ್ಲಿ ಇಲ್ಲದ ಕ್ರಿಯೆಯನ್ನು ಹಿಡಿಯುವುದಕ್ಕೂ ಒಂದು ಗುಣದ ಬದಲಾವಣೆಯನ್ನು ಕಾಯುವುದಕ್ಕೂ ಬೇರೆ ಬೇರೆ ಉಪಾಯಗಳನ್ನಿಟ್ಟಿದ್ದರು, ಉಳಿದವರು ಅವನ್ನು ಒಪ್ಪಲಿಲ್ಲ. ಸರ್ವಸಮ್ಮತವಾದ ಮೊದಲ ಹೆಜ್ಜೆ ಬಿದ್ದುದು 2009ರ ಡಿಸೆಂಬರಿನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ. ಡಿಫೈನ್‌ಪ್ರಾಪರ್ಟಿ ಎಂಬ ಕ್ರಿಯೆಯಿಂದ ಒಂದು ಗುಣಕ್ಕೆ ಓದುವಾಗ ನಡೆಯುವ ಗೆಟರ್ ಒಂದನ್ನೂ ಬರೆಯುವಾಗ ನಡೆಯುವ ಸೆಟರ್ ಒಂದನ್ನೂ ಕೂಡಿಸುವುದು ಅಂದಿನಿಂದ ನಿಯಮಬದ್ಧವಾಯಿತು. ವಸ್ತುವನ್ನು ಸಂಪೂರ್ಣ ಸ್ಥಿರಗೊಳಿಸುವ ಫ್ರೀಜ್ ಎಂಬುದೂ ಆಗಲೇ ಬಂತು. ಆದರೆ ಗೆಟರ್ ಹಚ್ಚಬೇಕಾದರೆ ಗುಣದ ಹೆಸರು ಮುಂಚಿತವಾಗಿ ತಿಳಿದಿರಬೇಕು. ನಾಳೆ ಸೇರಲಿರುವ ಗುಣವನ್ನು ಇಂದು ಕಾಯುವ ಮಾರ್ಗ ಅಲ್ಲಿಲ್ಲ. ಈ ಕೊರತೆಯ ಫಲವನ್ನು ಮುಂದೆ ಅನುಭವಿಸಿದವರು ಎಷ್ಟೋ ಮಂದಿ.

ಬ್ರಸೆಲ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಟಾಮ್ ವಾನ್ ಕಟ್ಸೆಮ್ ಮತ್ತು ಗೂಗಲ್ ಸಂಸ್ಥೆಯ ಮಾರ್ಕ್ ಮಿಲ್ಲರ್ ಅವರು ಕೂಡಿ 2010ರಲ್ಲಿ ಪ್ರಕಟಿಸಿದ ಪ್ರಬಂಧವು ಪ್ರಾಕ್ಸಿಯ ಮೂಲ. ಅವರ ಮೊದಲ ಕರಡಿನಲ್ಲಿ ಪ್ರಾಕ್ಸಿಗೆ ಹಿಂದೆ ಮೂಲವಸ್ತುವೆಂಬುದಿರಲಿಲ್ಲ. ಪ್ರಶ್ನೆಗಳಿಗೆ ಉತ್ತರ ಕೊಡುವ ಕ್ರಿಯೆಗಳನ್ನು ಹೊತ್ತ ಹ್ಯಾಂಡ್ಲರ್ ಹೇಳಿದುದೇ ವಸ್ತುವಿನ ಸ್ವರೂಪವಾಗಿತ್ತು, ಮತ್ತು 2011ರ ಫೈರ್‌ಫಾಕ್ಸ್ 4 ಈ ರೂಪವನ್ನೇ ಒಳಗೊಂಡು ಹೊರಬಂತು. ತರುವಾಯ ಅದೇ ಇಬ್ಬರು ತಮ್ಮ ವಿನ್ಯಾಸವನ್ನು ತಾವೇ ಬದಲಿಸಿ, ಪ್ರತಿಯೊಂದು ಪ್ರಾಕ್ಸಿಯ ಹಿಂದೆ ನಿಜವಾದ ಮೂಲವಸ್ತುವೊಂದು ಇರತಕ್ಕದ್ದೆಂದು ವಿಧಿಸಿದರು. ಈ ಬದಲಾವಣೆ ಮೇಲುನೋಟಕ್ಕೆ ಅಲ್ಪವೆಂದು ಕಂಡರೂ ಪ್ರಾಕ್ಸಿಯ ಸಮಸ್ತ ಗೌರವವೂ ಅದರಲ್ಲಿಯೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಈಗಿನ ವ್ಯವಸ್ಥೆ ಹೀಗಿದೆ. ಮೂಲವಸ್ತು ಒಂದು, ಹ್ಯಾಂಡ್ಲರ್ ಎಂಬ ಇನ್ನೊಂದು ಸಾಮಾನ್ಯ ವಸ್ತು; ಇವೆರಡನ್ನು ಕೊಟ್ಟರೆ ಪ್ರಾಕ್ಸಿ ಸಿದ್ಧವಾಗುತ್ತದೆ. ಹ್ಯಾಂಡ್ಲರಿನಲ್ಲಿ ಟ್ರ್ಯಾಪ್ ಎಂದು ಕರೆಯುವ ಹದಿಮೂರು ಕ್ರಿಯೆಗಳಿಗೆ ಆಸ್ಪದವುಂಟು. ಓದುವುದಕ್ಕೆ ಗೆಟ್, ಬರೆಯುವುದಕ್ಕೆ ಸೆಟ್, ಇದೆಯೇ ಎಂಬ ಪ್ರಶ್ನೆಗೆ ಹ್ಯಾಸ್, ಅಳಿಸುವುದಕ್ಕೆ ಡಿಲೀಟ್‌ಪ್ರಾಪರ್ಟಿ, ಹೆಸರುಗಳ ಪಟ್ಟಿಗೆ ಓನ್‌ಕೀಸ್ ಎಂಬಿವು ನಿತ್ಯದ ಬಳಕೆಯವು. ಫಂಕ್ಷನ್ನನ್ನು ಕರೆದಾಗ ಅಪ್ಲೈ, ಹೊಸದನ್ನು ನಿರ್ಮಿಸುವಾಗ ಕನ್‌ಸ್ಟ್ರಕ್ಟ್. ಮಿಕ್ಕವು ಮೂಲಮಾದರಿಗೂ ಗುಣಗಳ ವಿವರಣೆಗೂ ವಸ್ತುವಿನ ವಿಸ್ತಾರಯೋಗ್ಯತೆಗೂ ಸಂಬಂಧಿಸಿದವು. 2015ರಲ್ಲಿ ಎನ್ಯುಮರೇಟ್ ಎಂಬ ಹದಿನಾಲ್ಕನೆಯದೂ ಇತ್ತು. ಮರುವರ್ಷದ ಆವೃತ್ತಿಯಲ್ಲಿಯೇ ಅದನ್ನು ತೆಗೆದುಹಾಕಿದರು. ಬರೆಯದೆ ಬಿಟ್ಟ ಟ್ರ್ಯಾಪಿನ ಪ್ರಶ್ನೆ ನೇರವಾಗಿ ಮೂಲವಸ್ತುವಿಗೆ ಹೋಗಿ ಮುಟ್ಟುತ್ತದೆ. ತಡೆಯಲಾಗದ ಪ್ರಶ್ನೆಗಳೂ ಇವೆಯೆಂಬುದು ಗಮನಾರ್ಹ: ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ ಎಂಬ ಸಮತ್ವದ ಪರೀಕ್ಷೆಯನ್ನಾಗಲಿ ಟೈಪ್‌ಆಫ್ ಕೊಡುವ ಉತ್ತರವನ್ನಾಗಲಿ ಯಾವ ಹ್ಯಾಂಡ್ಲರೂ ಮುಟ್ಟಲಾರದು.

ಧಾರವಾಡದ ಕೋರ್ಟಿನ ಆವರಣದಲ್ಲಿ ಬಾಂಡ್ ಬರೆಯುವವರ ಬಳಿಗೆ ಹೋದವರಿಗೆ ವಟಮುಖತ್ಯಾರಪತ್ರವೆಂಬುದು ಪರಿಚಿತವಾಗಿಯೇ ಇರುತ್ತದೆ. ಜಮೀನಿನ ಒಡೆಯನು ದೂರದ ಊರಿನಲ್ಲಿದ್ದಾಗ ಅವನ ಹೆಸರಿನಲ್ಲಿ ಸಹಿ ಮಾಡುವ, ಕಂದಾಯ ತುಂಬುವ, ಕೋರ್ಟಿನಲ್ಲಿ ನಿಲ್ಲುವ ಅಧಿಕಾರವನ್ನು ಪಡೆದ ಮುಖತ್ಯಾರನು ಹೊರಗಿನವರಿಗೆ ಒಡೆಯನಂತೆಯೇ ಕಾಣುತ್ತಾನೆ; ಆದರೂ ಉತಾರೆಯಲ್ಲಿ ದಾಖಲಾದ ಎಕರೆ ಗುಂಟೆಗಳನ್ನು ಬದಲಿಸಿ ಹೇಳುವ ಅಧಿಕಾರ ಅವನಿಗಿಲ್ಲ, ಮತ್ತು ಒಡೆಯನು ಪತ್ರವನ್ನು ರದ್ದುಗೊಳಿಸಿದ ದಿನದಿಂದ ಅವನ ಸಹಿಗೆ ಬೆಲೆಯಿಲ್ಲ. ಪ್ರಾಕ್ಸಿಯ ಶಾಸನವೂ ಹೆಚ್ಚುಕಡಿಮೆ ಈ ಪರಿಯದೇ. ಮೂಲವಸ್ತುವಿನಲ್ಲಿ ಒಂದು ಗುಣವನ್ನು ಬದಲಿಸಲಾಗದ, ಮರುನಿರೂಪಿಸಲಾಗದ ಗುಣವೆಂದು ಒಮ್ಮೆ ಘೋಷಿಸಿದ್ದರೆ, ಗೆಟ್ ಟ್ರ್ಯಾಪು ಅದಕ್ಕೆ ಬೇರೆ ಬೆಲೆಯನ್ನು ಹೇಳಕೂಡದು. ಅಂತಹ ಗುಣ ಇಲ್ಲವೇ ಇಲ್ಲವೆಂದು ಹ್ಯಾಸ್ ಟ್ರ್ಯಾಪು ಮರೆಮಾಡಕೂಡದು. ವಿಸ್ತಾರಕ್ಕೆ ಮುಚ್ಚಲ್ಪಟ್ಟ ಮೂಲವಸ್ತುವಿಗೆ ಓನ್‌ಕೀಸ್ ಹೇಳುವ ಪಟ್ಟಿಯಲ್ಲಿ ಅದರ ನಿಜವಾದ ಹೆಸರುಗಳು, ಒಂದು ಹೆಚ್ಚಿಲ್ಲದೆ ಒಂದು ಕಡಿಮೆಯಿಲ್ಲದೆ, ಇರತಕ್ಕದ್ದು. ಟ್ರ್ಯಾಪು ಈ ಮೇರೆಯನ್ನು ಮೀರಿದ ಕ್ಷಣದಲ್ಲಿಯೇ ಎಂಜಿನ್ನು ಟೈಪ್‌ಎರರ್ ಎಸೆದು ವ್ಯವಹಾರವನ್ನು ನಿಲ್ಲಿಸುತ್ತದೆ. ರದ್ದತಿಗೂ ಏರ್ಪಾಡಿದೆ: ರಿವೋಕಬಲ್ ಎಂಬ ಕ್ರಿಯೆಯಿಂದ ನಿರ್ಮಿಸಿದ ಪ್ರಾಕ್ಸಿಯನ್ನು ಅದರೊಡನೆ ದೊರೆಯುವ ರಿವೋಕ್ ಫಂಕ್ಷನ್ನಿನಿಂದ ಒಮ್ಮೆ ನಿಷ್ಫಲಗೊಳಿಸಿದರೆ, ಆ ಮೇಲೆ ಅದರಿಂದ ಏನನ್ನು ಓದಹೋದರೂ ದೋಷವೇ ದೊರೆಯುತ್ತದೆ.

ಈ ಅವ್ಯಭಿಚಾರಿ ನಿಯಮಗಳು ಏತಕ್ಕೆ ಬೇಕಾದವೆಂದರೆ, ಅಪರಿಚಿತರು ಬರೆದ ಕೋಡು ಒಂದೇ ಪುಟದಲ್ಲಿ ನಮ್ಮ ಕೋಡಿನೊಡನೆ ನಡೆಯುವ ಪರಿಸ್ಥಿತಿಯಲ್ಲಿ, ಫ್ರೀಜ್ ಮಾಡಿದ ವಸ್ತು ಸ್ಥಿರವಾಗಿದೆಯೆಂಬ ಭರವಸೆಗೆ ಪ್ರಾಕ್ಸಿಯಿಂದ ಭಂಗ ಬರುವಂತಿದ್ದರೆ ಫ್ರೀಜ್ ಎಂಬುದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಭದ್ರತೆಯನ್ನೇ ಜೀವನದ ಅಧ್ಯಯನವನ್ನಾಗಿಸಿಕೊಂಡ ಮಿಲ್ಲರ್ ಅವರಿಗೆ ಇದು ಚೆನ್ನಾಗಿ ತಿಳಿದಿತ್ತು. 2013ರಲ್ಲಿ ಅವರೂ ವಾನ್ ಕಟ್ಸೆಮ್ ಅವರೂ ಬರೆದ ಎರಡನೆಯ ಪ್ರಬಂಧದ ವಸ್ತುವೇ ಈ ವಿಶ್ವಾಸಾರ್ಹತೆ. ಮೂಲವಸ್ತುವಿಲ್ಲದ ಹಳೆಯ ಕರಡಿನಲ್ಲಿ ಮಾತನ್ನು ತಾಳೆ ನೋಡುವುದಕ್ಕೆ ಏನೂ ಇರಲಿಲ್ಲ. ಹೊಸದರಲ್ಲಿ ಮೂಲವಸ್ತುವೇ ಸಾಕ್ಷಿ. ಶಕ್ತಿಯನ್ನು ಕೊಡುವ ಭಾಷೆಗಳು ಬಹಳ. ಶಕ್ತಿಯನ್ನು ಕೊಟ್ಟು ಅದರ ಎಲ್ಲೆಯನ್ನು ತಾನೇ ಕಾಯುವ ಭಾಷೆ ಅಪೂರ್ವವೆನ್ನಬೇಕು.

ಪ್ರಾಕ್ಸಿಯ ಜೊತೆಯಲ್ಲಿಯೇ ಬಂದ ರಿಫ್ಲೆಕ್ಟ್ ಎಂಬುದನ್ನು ಅನೇಕರು ಅಲಂಕಾರವೆಂದು ಬಗೆದು ಬಿಟ್ಟುಬಿಡುತ್ತಾರೆ. ಹದಿಮೂರು ಟ್ರ್ಯಾಪುಗಳಿಗೆ ಸರಿಸಮನಾಗಿ ಅದೇ ಹೆಸರಿನ ಹದಿಮೂರು ಕ್ರಿಯೆಗಳು ಅದರಲ್ಲಿವೆ. ತಡೆದ ಪ್ರಶ್ನೆಯನ್ನು ಯಥಾಸ್ಥಿತಿಯಲ್ಲಿ ಮೂಲವಸ್ತುವಿಗೆ ದಾಟಿಸುವುದು ಅವುಗಳ ಕೆಲಸ. ಗೆಟ್ ಟ್ರ್ಯಾಪಿಗೆ ಬರುವ ಮೂರನೆಯ ವಿಷಯವಾದ ರಿಸೀವರನ್ನು ರಿಫ್ಲೆಕ್ಟಿಗೆ ಕೊಡದೆ, ಮೂಲವಸ್ತುವಿನಿಂದಲೇ ನೇರವಾಗಿ ಬೆಲೆಯನ್ನೆತ್ತಿ ಕೊಟ್ಟರೆ, ಆ ಗುಣವು ಗೆಟರ್ ಆಗಿದ್ದ ಪಕ್ಷದಲ್ಲಿ ಅದರೊಳಗಿನ ದಿಸ್ ಎಂಬುದು ಪ್ರಾಕ್ಸಿಯನ್ನು ಸೂಚಿಸದೆ ಮೂಲವಸ್ತುವನ್ನು ಸೂಚಿಸುತ್ತದೆ. ಅಲ್ಲಿಂದ ಮುಂದಿನ ಓದುಗಳೆಲ್ಲ ಕಾವಲನ್ನು ತಪ್ಪಿಸಿಕೊಂಡು ಹೋಗುತ್ತವೆ. ಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣುವ ಕ್ರಮವಿಧಿ ಬಳಕೆಗೆ ಬಂದ ಮೇಲೆ ಕೈಕೊಡುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಈ ಪ್ರಾಂತದಲ್ಲಿ ವಿರಳ.

ಪ್ರಾಕ್ಸಿ ಸೋಲುವ ಜಾಗಗಳನ್ನೂ ಹೇಳಲೇಬೇಕು. ಮ್ಯಾಪ್, ಸೆಟ್, ಡೇಟ್ ಮುಂತಾದ ಅಂತರ್ನಿರ್ಮಿತ ವಸ್ತುಗಳು ತಮ್ಮ ಮಾಹಿತಿಯನ್ನು ಗುಣಗಳಲ್ಲಿ ಇಡದೆ ಒಳಗಿನ ಗುಪ್ತ ಸ್ಥಾನಗಳಲ್ಲಿ ಇಟ್ಟುಕೊಂಡಿರುತ್ತವೆ. ಪ್ರಾಕ್ಸಿಗೆ ಆ ಸ್ಥಾನಗಳಿಲ್ಲ. ಆದುದರಿಂದ ಮ್ಯಾಪೊಂದಕ್ಕೆ ಪ್ರಾಕ್ಸಿಯನ್ನು ತೊಡಿಸಿ ಅದರ ಮೂಲಕ ಬೆಲೆಯೊಂದನ್ನು ಕೇಳಿದರೆ, ಟ್ರ್ಯಾಪುಗಳು ಬರಿದಾಗಿದ್ದರೂ ಟೈಪ್‌ಎರರ್ ಬರುತ್ತದೆ. 2022ರ ಆವೃತ್ತಿಯಲ್ಲಿ ಸೇರಿದ ಖಾಸಗಿ ಕ್ಷೇತ್ರಗಳ ಗತಿಯೂ ಇದೇ. ಸರಣಿಯಾದ ಅರೇಗೆ ಮಾತ್ರ ವಿಶೇಷ ರಿಯಾಯಿತಿ ದೊರೆತಿದೆ: ಇದು ಅರೇ ಹೌದೇ ಎಂದು ಇಸ್‌ಅರೇ ಕ್ರಿಯೆಯನ್ನು ಕೇಳಿದರೆ ಅದು ಪ್ರಾಕ್ಸಿಯನ್ನು ದಾಟಿ ಒಳಗಿನದನ್ನು ನೋಡಿ ಹೌದೆನ್ನುತ್ತದೆ. ಏಕರೂಪತೆಯನ್ನು ಬಯಸುವವರಿಗೆ ಇದು ರುಚಿಸಲಾರದು, ನನಗೂ ರುಚಿಸದು.

ಪ್ರಯೋಗಗಳಲ್ಲಿ ಅತ್ಯಂತ ಪ್ರಸಿದ್ಧವಾದುದು, ಮಾಹಿತಿ ಬದಲಾದೊಡನೆ ಪರದೆಯೂ ತಾನಾಗಿಯೇ ಬದಲಾಗುವಂತೆ ಮಾಡುವ ತಂತ್ರ. ಇವಾನ್ ಯೂ ಅವರ ವ್ಯೂ ಎಂಬ ಚೌಕಟ್ಟಿನ 2016ರ ಎರಡನೆಯ ಆವೃತ್ತಿಯು ಪ್ರತಿಯೊಂದು ಗುಣಕ್ಕೂ ಡಿಫೈನ್‌ಪ್ರಾಪರ್ಟಿಯಿಂದ ಗೆಟರ್ ಸೆಟರ್‌ಗಳನ್ನು ಹಚ್ಚುತ್ತಿತ್ತು. ಆದ್ದರಿಂದ ಹೊಸ ಗುಣ ಸೇರಿದರೆ, ಅರೇಯ ನಾಲ್ಕನೆಯ ಸ್ಥಾನಕ್ಕೆ ನೇರವಾಗಿ ಬೆಲೆಯನ್ನು ಬರೆದರೆ, ಅದಕ್ಕೆ ತಿಳಿಯುತ್ತಲೇ ಇರಲಿಲ್ಲ, ಬಳಸುವವರು ಅದಕ್ಕಾಗಿ ಬೇರೊಂದು ಕ್ರಿಯೆಯನ್ನು ನೆನಪಿಟ್ಟು ಕರೆಯಬೇಕಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿ ಪ್ರಾಕ್ಸಿಯ ಮೇಲೆ ನಿಂತಿತು. ಆ ಕೊರತೆ ನೀಗಿತು. ಅದಕ್ಕೆ ತೆತ್ತ ಬೆಲೆಯೆಂದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ರ ಬೆಂಬಲ, ಏಕೆಂದರೆ ಪ್ರಾಕ್ಸಿಯನ್ನು ಹಳೆಯ ಎಂಜಿನ್ನಿಗೆ ಹೊರಗಿನಿಂದ ಪೂರ್ಣವಾಗಿ ಕಟ್ಟಿಕೊಡುವುದು ಅಸಾಧ್ಯ. ಇನ್ನೊಂದು ಸೂಕ್ಷ್ಮ ತೊಡಕೂ ಹುಟ್ಟಿತು: ಪ್ರಾಕ್ಸಿ ತೊಟ್ಟ ಅರೇಯಿಂದ ಹೊರಬರುವ ಅಂಶಗಳೂ ಪ್ರಾಕ್ಸಿ ತೊಟ್ಟೇ ಬರುವುದರಿಂದ, ಮೂಲ ಅಂಶವೊಂದು ಅದರಲ್ಲಿದೆಯೇ ಎಂದು ಹುಡುಕಿದರೆ ಸಮತ್ವದ ಪರೀಕ್ಷೆ ಇಲ್ಲವೆನ್ನುತ್ತದೆ, ಇದನ್ನು ಸರಿಪಡಿಸಲು ಹುಡುಕಾಟದ ಕ್ರಿಯೆಗಳನ್ನೇ ವ್ಯೂ ತನ್ನದಾಗಿ ಬರೆದುಕೊಳ್ಳಬೇಕಾಯಿತು. ಇದೇ ಉದ್ದೇಶಕ್ಕೆ ಭಾಷೆಯೊಳಗೇ ಆಬ್ಜೆಕ್ಟ್ ಅಬ್ಸರ್ವ್ ಎಂಬ ಪ್ರತ್ಯೇಕ ಸೌಕರ್ಯವನ್ನು ತರುವ ಪ್ರಸ್ತಾವವಿತ್ತು, ಕ್ರೋಮ್ ಅದನ್ನು 2014ರಲ್ಲಿ ಅಳವಡಿಸಿಯೂ ಇತ್ತು. ಮರುವರ್ಷ ಪ್ರಸ್ತಾವಕರೇ ಅದನ್ನು ಹಿಂದಕ್ಕೆ ಪಡೆದರು.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. 1962ರಲ್ಲಿ ಒಂದೇ ಮಹಾನಗರಪಾಲಿಕೆಯಾಗಿ ಕೂಡಿದ ಹುಬ್ಬಳ್ಳಿ-ಧಾರವಾಡಗಳಲ್ಲಿ, 1947ರಲ್ಲಿ ಸ್ಥಾಪಿತವಾದ ಭೂಮರಡ್ಡಿ ಕಾಲೇಜಿನಿಂದ ಹಿಡಿದು 2016ರಲ್ಲಿ ಆರಂಭವಾದ ಐಐಟಿಯ ವರೆಗೆ ಎಂಜಿನಿಯರಿಂಗ್ ವಿದ್ಯೆಗೆ ದೀರ್ಘವಾದ ಪರಂಪರೆಯುಂಟು. ಜಾವಾಸ್ಕ್ರಿಪ್ಟ್ ಬರೆಯುವ ತರುಣ ತರುಣಿಯರಿಗೆ ಇಲ್ಲಿ ಬರಗಾಲವಿಲ್ಲ. ಅವರಲ್ಲಿ ಒಬ್ಬರು ಧಾರವಾಡ ಜಿಲ್ಲೆಯ ತಾಲೂಕುಗಳ ಹೆಸರುಗಳನ್ನು ಕನ್ನಡದಲ್ಲಿಯೇ ಕೀಲಿಗಳನ್ನಾಗಿ ಮಾಡಿಕೊಂಡು ಒಂದು ಕೋಷ್ಟಕವನ್ನು ಕಟ್ಟಿದರೆನ್ನಿ. ಧಾರವಾಡ, ಹುಬ್ಬಳ್ಳಿ, ಕಲಘಟಗಿ, ನವಲಗುಂದ, ಅಳ್ನಾವರ ಎಂಬ ಹೆಸರುಗಳಿಂದ ತೊಂದರೆಯಿಲ್ಲ. ಕುಂದಗೋಳ ಮತ್ತು ಅಣ್ಣಿಗೇರಿ ಎಂಬ ಎರಡು ಮಾತ್ರ ಅಪಾಯದವು. ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘಚಿಹ್ನೆಗಳೆಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಏಕಾರವನ್ನೂ ಒಂದಾಗಿ ಅಥವಾ ಎರಡಾಗಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ಶಾಸನದಂತೆಯೂ ಎರಡೂ ಸಮಾನ. ಜಾವಾಸ್ಕ್ರಿಪ್ಟಿಗೆ ಹಾಗಲ್ಲ. ಅದು ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತದೆಯೇ ವಿನಾ ಅಕ್ಷರಗಳನ್ನಲ್ಲ. ಏಳು ಸಂಕೇತಗಳ ಕುಂದಗೋಳವೂ ಒಂಬತ್ತು ಸಂಕೇತಗಳ ಕುಂದಗೋಳವೂ ಅದರ ಪಾಲಿಗೆ ಎರಡು ಬೇರೆ ಊರುಗಳು. ಬೇರೆ ತಂತ್ರಾಂಶದಿಂದ ಬಂದ ಕಡತದಲ್ಲಿ ಹೆಸರು ಬಿಡಿಸಿದ ರೂಪದಲ್ಲಿದ್ದರೆ, ಎದುರಿಗೆ ಕಾಣುತ್ತಿರುವ ಊರು ಕೋಷ್ಟಕದಲ್ಲಿಲ್ಲವೆಂದು ಯಂತ್ರ ಹೇಳುತ್ತದೆ.

ಪ್ರಾಕ್ಸಿಗೆ ಇದಕ್ಕಿಂತ ಸಹಜವಾದ ಅಭ್ಯಾಸ ಸಿಗಲಾರದು. ಕೇಳಿದ ಹೆಸರನ್ನು ನಾರ್ಮಲೈಸ್ ಎಂಬ ಕ್ರಿಯೆಯಿಂದ ಕೂಡಿಸಿದ ರೂಪಕ್ಕೆ ತಂದು ಆ ಮೇಲೆ ಮೂಲವಸ್ತುವಿಗೆ ದಾಟಿಸಿದರಾಯಿತು. ಆದರೆ ಗೆಟ್ ಟ್ರ್ಯಾಪೊಂದನ್ನೇ ಬರೆದು ಕೈಬಿಟ್ಟರೆ, ಬಿಡಿಸಿದ ಹೆಸರಿನಿಂದ ಓದಿದಾಗ ಬೆಲೆ ಬರುವುದು, ಇದೆಯೇ ಎಂದು ಕೇಳಿದಾಗ ಇಲ್ಲವೆಂಬ ಉತ್ತರ ಬರುವುದು. ಸೆಟ್ ಬರೆಯದಿದ್ದರೆ ಅದೇ ಊರು ಎರಡು ಸಲ ದಾಖಲಾಗುವುದು. ಡಿಲೀಟ್‌ಪ್ರಾಪರ್ಟಿಯನ್ನು ಮರೆತರೆ ಅಳಿಸಿದ್ದು ಅಳಿಯದೆ ಉಳಿಯುವುದು. ಒಂದು ಟ್ರ್ಯಾಪನ್ನು ಬದಲಿಸಿದವನು ಅದರ ಬಂಧುಗಳನ್ನೆಲ್ಲ ವಿಚಾರಿಸಿಕೊಳ್ಳಬೇಕೆಂಬುದು ಇಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ. ಇದಲ್ಲದೆ ಟ್ರ್ಯಾಪಿಗೆ ಬರುವ ಕೀಲಿ ಯಾವಾಗಲೂ ಅಕ್ಷರಮಾಲೆಯೇ ಆಗಿರುವುದಿಲ್ಲ. ವಸ್ತುವನ್ನು ವಾಕ್ಯದೊಳಗೆ ಸೇರಿಸುವಾಗ ಎಂಜಿನ್ನು ಟುಪ್ರಿಮಿಟಿವ್ ಎಂಬ ಸಿಂಬಲ್ಲನ್ನು ಕೇಳುತ್ತದೆ, ಸಿಂಬಲ್ಲಿಗೆ ನಾರ್ಮಲೈಸ್ ಎಂಬುದಿಲ್ಲ, ಕ್ರಮವಿಧಿ ಅಲ್ಲಿಯೇ ಮುರಿದು ಬೀಳುತ್ತದೆ. ಮೂಲವಸ್ತು ಬಿಡಿಸಿದ ಹೆಸರುಗಳೊಡನೆ ಫ್ರೀಜ್ ಆಗಿದ್ದರಂತೂ ಮೇಲೆ ಹೇಳಿದ ಶಾಸನ ಅಡ್ಡಬರುತ್ತದೆ: ಓದಿದವರಿಗೆ ಕೂಡಿಸಿದ ಹೆಸರಿನಿಂದ ಬೆಲೆಯನ್ನು ಕೊಡಲು ಗೆಟ್ ಟ್ರ್ಯಾಪಿಗೆ ಅಡ್ಡಿಯಿಲ್ಲ, ಹೆಸರುಗಳ ಪಟ್ಟಿಯಲ್ಲಿ ಮಾತ್ರ ಆ ಹೆಸರನ್ನು ತೋರಿಸುವಂತಿಲ್ಲ.

ಇಷ್ಟನ್ನೂ ಕಲಿತ ಮೇಲೆ ಈ ಕೋಷ್ಟಕಕ್ಕೆ ಪ್ರಾಕ್ಸಿ ಬೇಕೇ ಎಂದು ಕೇಳಿದರೆ, ಕೋಷ್ಟಕ ನಮ್ಮದೇ ಆಗಿದ್ದಲ್ಲಿ ಬೇಡವೆಂದೇ ಹೇಳುತ್ತೇನೆ. ಹೆಸರು ಒಳಬರುವ ಬಾಗಿಲಿನಲ್ಲಿ ಒಮ್ಮೆ ಅದನ್ನು ಕೂಡಿಸಿದ ರೂಪಕ್ಕೆ ತಂದುಬಿಟ್ಟರೆ, ಆ ಮೇಲೆ ಕಾವಲಿನ ಅಗತ್ಯವಿಲ್ಲ. ಕನ್ನಡ ಅಂಕಿಗಳ ವಿಷಯದಲ್ಲಿಯೂ ಇದೇ ತೀರ್ಪು: ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆದು ತೋರಿಸುವ ಸೌಕರ್ಯ ಭಾಷೆಯಲ್ಲಿದೆ, ಕನ್ನಡ ಅಂಕಿಯನ್ನು ಓದಿ ಸಂಖ್ಯೆಯನ್ನಾಗಿಸುವ ಸೌಕರ್ಯವಿಲ್ಲ, ೩ ಎಂದು ಕೊಟ್ಟರೆ ಅದು ಸಂಖ್ಯೆಯೇ ಅಲ್ಲವೆನ್ನುತ್ತದೆ, ಅರೇಯ ಮೇಲೆ ಪ್ರಾಕ್ಸಿಯನ್ನು ಹೊದಿಸಿ ೩ನೆಯ ಸ್ಥಾನವನ್ನು ಓದುವಂತೆ ಮಾಡುವುದು ಚಮತ್ಕಾರವೇ ಹೌದು, ಬಾಗಿಲಿನಲ್ಲಿಯೇ ಅಂಕಿಯನ್ನು ಬದಲಿಸಿಕೊಳ್ಳುವುದು ವಿವೇಕ. ನಮ್ಮದಲ್ಲದ, ನಾವು ತಿದ್ದಲಾಗದ ಗ್ರಂಥಾಲಯವೊಂದರ ವಸ್ತುವಿಗೆ ಕನ್ನಡದ ಹೆಸರುಗಳನ್ನು ಕಲಿಸಬೇಕಾದಾಗ, ಅಥವಾ ಅನುವಾದಿತ ಸಂದೇಶಗಳ ಕೋಷ್ಟಕದಲ್ಲಿ ಇನ್ನೂ ಕನ್ನಡವಾಗದ ಸಂದೇಶ ಯಾವುದೆಂದು ಪರೀಕ್ಷೆಯ ಕಾಲದಲ್ಲಿ ಹಿಡಿಯಬೇಕಾದಾಗ, ಪ್ರಾಕ್ಸಿ ನಿಜವಾಗಿಯೂ ತನ್ನ ಯೋಗ್ಯ ಸ್ಥಾನದಲ್ಲಿರುತ್ತದೆ.

ತಡೆಯುವ ಗೋಜಿಲ್ಲದೆ ವಸ್ತುವಿನ ನಡತೆಯನ್ನು ರೂಪಿಸುವ ಸೌಮ್ಯ ಮಾರ್ಗವೂ ಅದೇ 2015ರ ಆವೃತ್ತಿಯಲ್ಲಿದೆ. ಅದು ಪ್ರಸಿದ್ಧ ಸಿಂಬಲ್ಲುಗಳದು. ಹುಬ್ಬಳ್ಳಿ ಎಂಬ ಹೆಸರಿನ ಉದ್ದವನ್ನು ಕೇಳಿದರೆ ಜಾವಾಸ್ಕ್ರಿಪ್ಟ್ ಒಂಬತ್ತೆನ್ನುತ್ತದೆ, ಏಕೆಂದರೆ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆಗಳೆಲ್ಲ ಬೇರೆ ಬೇರೆ ಸಂಕೇತಗಳು. ಓದುವ ಕನ್ನಡಿಗನು ಎಣಿಸುವುದು ಮೂರು ಅಕ್ಷರಗಳನ್ನು. ಹೆಸರನ್ನೊಳಗೊಂಡ ವಸ್ತುವೊಂದನ್ನು ಕಟ್ಟಿ, ಅದರ ಇಟರೇಟರ್ ಎಂಬ ಸಿಂಬಲ್ಲಿನಲ್ಲಿ ಹು, ಬ್ಬ, ಳ್ಳಿ ಎಂದು ಒಂದೊಂದಾಗಿ ಒಪ್ಪಿಸುವ ಕ್ರಿಯೆಯನ್ನು ಬರೆದರೆ, ಭಾಷೆಯ ಸಾಮಾನ್ಯ ಆವರ್ತನ ವಾಕ್ಯವೇ ಮೂರು ಸಲ ತಿರುಗುತ್ತದೆ. ಛಂದಸ್ಸಿನ ಮಾತ್ರೆಗಳನ್ನೆಣಿಸುವವರಿಗೆ ಇದು ಮೊದಲ ಮೆಟ್ಟಿಲಾದೀತು. ಇಲ್ಲಿ ಪ್ರತಿನಿಧಿಯಿಲ್ಲ, ಮರೆಯಿಲ್ಲ. ವಸ್ತು ತಾನೇ ತನ್ನ ನಡತೆಯನ್ನು ಬಹಿರಂಗವಾಗಿ ಸಾರುತ್ತದೆ. ಎರಡರಲ್ಲಿ ಯಾವುದಾದರೊಂದು ಸಾಕಾಗುವ ಕಡೆಯಲ್ಲಿ ಇದನ್ನೇ ಆರಿಸತಕ್ಕದ್ದು.

ಪ್ರತಿಯೊಂದು ಓದಿಗೂ ಬರಹಕ್ಕೂ ಒಂದು ಫಂಕ್ಷನ್ನು ನಡೆಯಬೇಕಾದುದರಿಂದ ಪ್ರಾಕ್ಸಿಯ ಮೂಲಕ ಹೋಗುವ ಕೋಡು ನಿಧಾನವಾಗುತ್ತದೆಂಬುದೂ, ದೋಷವನ್ನು ಹುಡುಕುವವನಿಗೆ ಕಾಣುವ ಸಾಲೊಂದು ನಡೆಯುವ ಸಾಲೊಂದು ಆಗುತ್ತದೆಂಬುದೂ ಅನುಭವಿಗಳಿಗೆ ಹೊಸತಲ್ಲ. ಹೊಸದಾಗಿ ಕಲಿಯುವವರು ಚೌಕಟ್ಟುಗಳ ಮಾತನ್ನು ನಂಬುವ ಮೊದಲು ತಮ್ಮ ಬ್ರೌಸರಿನ ಕನ್ಸೋಲನ್ನು ತೆರೆದು, ಬರಿದಾದ ಅರೇಯೊಂದಕ್ಕೆ ಪ್ರಾಕ್ಸಿಯನ್ನು ತೊಡಿಸಿ, ಬಂದ ಕೀಲಿಯನ್ನು ಅಚ್ಚುಹಾಕಿ ರಿಫ್ಲೆಕ್ಟಿಗೆ ದಾಟಿಸುವ ಸೆಟ್ ಟ್ರ್ಯಾಪೊಂದನ್ನು ಬರೆದು, ಪುಶ್ ಮಾಡಿ ಒಂದೇ ಒಂದು ಬೆಲೆಯನ್ನು ಸೇರಿಸಿ ನೋಡಲಿ. ಎರಡು ಸಾಲುಗಳು ಅಚ್ಚಾಗುತ್ತವೆ: ಒಂದು ಸೊನ್ನೆಯೆಂಬ ಸ್ಥಾನ, ಇನ್ನೊಂದು ಲೆಂಗ್ತ್, ಮತ್ತು ಎರಡನೆಯದು ಬರುವಷ್ಟರಲ್ಲಿ ಮೂಲ ಅರೇಯ ಉದ್ದವು ಆಗಲೇ ಒಂದಾಗಿರುತ್ತದೆ.